ಅಪ್ಪನ ಮೊದಲ ಮಾತು

ಅಕ್ಕಾ,

ಬಾಗಿಲು ಮೆಲ್ಲಗೆ ಹಾಕು, ಅಪ್ಪ ಮಲಗಿದ್ದಾರೆ. ಬಚ್ಚಲ ನಲ್ಲಿ ಮತ್ತೆ ಸೋರುತ್ತಿದೆ. ಬೈಯಬೇಡ, ಸಂಜೆ ಬಂದು ಸರಿಮಾಡುತ್ತೇನೆ.

ಈಗ ಕುಳಿತುಕೊಂಡು ಓದು. ಅಪ್ಪ ಮಾತಾಡಿದರು! ಲಕ್ವ ಹೊಡೆದ ಮೇಲೆ ಇದೇ ಮೊದಲು. ಮಾತು ಕಲಿಸುವ ಮೇಡಂ ಲೋಟ ಹಿಡಿದು, "ನೀರು ಅನ್ನಿ ಸರ್, ನೀ...ರು" ಎಂದು ಗೋಗರೆಯುತ್ತಿದ್ದರು. ಅಪ್ಪ ಲೋಟ ತೆಗೆದುಕೊಂಡು, ಕಣ್ಣು ಮುಚ್ಚಿ, "ತೋತ್ರ" ಅಂದರು.

"ನೀರು ಅನ್ನಿ ಅಂದ್ರೆ ಇದೇನ್ರೀ ಅಂತಿದ್ದಾರೆ?"

"ಸ್ತೋತ್ರ ಮೇಡಂ. ದೇವರಿಗೆ ಅದನ್ನ ಹೇಳ್ದೆ ನೀರೂ ಕುಡಿಯಲ್ಲ ನಮ್ಮಪ್ಪ" ಎಂದೆ ನಾನು.

ಊಟದ ಪ್ರಾರ್ಥನೆ ಹೇಳುವ ಅಪ್ಪನಿಗೇ ಮಾತಿಲ್ಲವೆಂದು ನಾವಿಬ್ಬರೂ ಇಷ್ಟು ದಿನ ಮುಖ ಗಂಟಿಕ್ಕಿಕೊಂಡು ತಟ್ಟೆಗೆ ಕೈ ಹಾಕುತ್ತಿದ್ದೆವು. ಅದರ ಮೇಲೆ ಅವರಿಗೇ "ಸಮಾಧಾನ ಮಾಡ್ಕೊಳ್ಳಿ" ಎಂಬ ಉಪದೇಶ ಬೇರೆ! ಅವರು ಒಳಗೊಳಗೇ ಹೇಳುತ್ತಲೇ ಇದ್ದರು ಕಣೇ. ಸಮಾಧಾನ ಬೇಕಾಗಿದ್ದದ್ದು ನಮಗೆ.

ಅವರು ಎದ್ದ ಮೇಲೆ ಜೊತೆಯಲ್ಲೇ ಊಟಕ್ಕೆ ಕೂರು. ಕಣ್ಣು ಮುಚ್ಚುತ್ತಾರೆ; ಆ ಒಂದು ಮಾತಿಗೆ ಬಹಳ ಹೊತ್ತು ಹಿಡಿಯುತ್ತದೆ. ಎಷ್ಟಾದರೂ ಹಿಡಿಯಲಿ, ನೀನು ಬಾಯಿ ಹಾಕಬೇಡ.

ಆಮೆನ್ ಇನ್ನೂ ಬಂದಿಲ್ಲ. ಅದನ್ನು ನೀನೇ ಹೇಳು, ಪಕ್ಕದ ಮನೆಗೂ ಕೇಳಿಸಲಿ.