ನಿನ್ನ ಪಕ್ಕದ ಕೋಣೆಯ ವಿಚಾರ

ಮಾರ್ಚ್ 3, ಬುಧವಾರ

ಪ್ರೀತಿಯ ನೊರೆರಾಯನಿಗೆ,

ನಿನ್ನ ಮೂರು ಕಾಗದಗಳೂ ತಲುಪಿದವು. ಮೊದಲನೆಯದರಲ್ಲಿ ನನ್ನನ್ನು 'ಪ್ರಿಯ ಮಿತ್ರ' ಅಂದಿದ್ದೆ, ಎರಡನೆಯದರಲ್ಲಿ 'ಅಯ್ಯಾ ಪುಣ್ಯಾತ್ಮ', ಮೂರನೆಯದರಲ್ಲಿ ಅಂದದ್ದನ್ನು ಅಂಚೆಯವನು ಓದದೇ ಇದ್ದದ್ದು ನನ್ನ ಪುಣ್ಯ. ನಾಲ್ಕನೆಯದು ಬರುವ ಮೊದಲೇ ಉತ್ತರ ಬರೆಯುವುದು ಕ್ಷೇಮ ಅನ್ನಿಸಿತು. ತಡವಾದದ್ದಕ್ಕೆ ತಪ್ಪಾಯಿತು ಅನ್ನೋಣವೆಂದರೆ ಹೇಳಿಕೊಳ್ಳಲು ಒಂದು ನೆಪವೂ ಇಲ್ಲ. ಕೈ ಮುರಿದಿರಲಿಲ್ಲ, ಪೆನ್ನು ಕಳೆದಿರಲಿಲ್ಲ. ಮೇಜಿನ ಮುಂದೆ ಕೂತು ನಾನು ಹಾಳೆಯನ್ನು ನೋಡುತ್ತಿದ್ದೆ, ಹಾಳೆ ನನ್ನನ್ನು ನೋಡುತ್ತಿತ್ತು. ಇಬ್ಬರೂ ಖಾಲಿ. ಹೀಗೆ ಎರಡು ತಿಂಗಳು ಕಳೆಯಿತು.

ನಿನ್ನ ಪ್ರಶ್ನೆ ಮಾತ್ರ ಮೂರರಲ್ಲೂ ಒಂದೇ. ನಾನು ಅಲ್ಲಿಂದ ಹೊರಟು ಇದೇ ಹದಿನೆಂಟಕ್ಕೆ ಒಂದು ವರ್ಷ. ಅಷ್ಟರೊಳಗೆ ಅಲ್ಲಿಗೆ ಕಾಲಿಡದಿದ್ದರೆ ನನ್ನ ವಾಸದ ಪರವಾನಗಿ ರದ್ದು, ಆಮೇಲೆ ತಲೆಕೆಳಗಾಗಿ ನಿಂತರೂ ಒಳಗೆ ಬಿಡುವುದಿಲ್ಲ. ಆ ದಿನದವರೆಗೆ ನಿನ್ನ ಪಕ್ಕದ ಕೋಣೆಗೆ ಯಾರನ್ನೂ ಸೇರಿಸಬಾರದೆಂದು ಮನೆಯೊಡತಿಯ ಹತ್ತಿರ ಜಗಳವಾಡಿ ಉಳಿಸಿಕೊಂಡಿದ್ದೀಯ. "ಬರ್ತೀಯೋ ಇಲ್ವೋ ಒಂದು ಮಾತು ಹೇಳು. ಹಾಗೇ ಸ್ವಂತ ದೇಶದ ಸಾಧಕ ಬಾಧಕ ಎಲ್ಲಾ ಬರಿ, ಮುಂದಿನ ವರ್ಷ ನನ್ನನ್ನೂ ವಯಸ್ಸಾಯ್ತು ಅಂತ ಕೆಲಸದಿಂದ ಬಿಡಿಸ್ತಾರೆ, ನಾನೂ ಯೋಚನೆ ಮಾಡ್ಬೇಕು" ಅಂದಿದ್ದೀಯ. ಬರೆಯುತ್ತೇನೆ. ಸಾಧಕನೂ ನಾನೇ, ಬಾಧಕನೂ ನಾನೇ, ನಿನಗೆ ಬರೀ ಚಪ್ಪಾಳೆ ತಟ್ಟುವ ಕೆಲಸ.

ಮೊದಲು ಒಳ್ಳೆಯದು. ಬಂದ ಎರಡನೇ ತಿಂಗಳು ಎಡಗೈ ಜೋಮು ಹಿಡಿಯಿತು. ಅಲ್ಲಾಗಿದ್ದರೆ ಏನಾಗುತ್ತಿತ್ತು ಹೇಳು? ನನ್ನ ಹೊಟ್ಟೆನೋವನ್ನು ವಿವರಿಸುವುದಕ್ಕೆ ನೆಲದ ಮೇಲೆ ಹೊರಳಾಡಿ ತೋರಿಸಿದ್ದು, ಅವರು ನನ್ನನ್ನು ಹುಚ್ಚರ ಡಾಕ್ಟರ ಹತ್ತಿರ ಕಳಿಸಿದ್ದು ನೆನಪಿರಬೇಕಲ್ಲ. ಇಲ್ಲಿ ಹೋಗಿ ಕುರ್ಚಿಯಲ್ಲಿ ಕೂತು, "ಡಾಕ್ಟ್ರೇ, ಕೈ ಒಂಥರಾ ಜುಮ್ಮಂತಿದೆ, ಇದ್ದೂ ಇಲ್ಲದ ಹಾಗಿದೆ" ಅಂದೆ. "ಗೊತ್ತಾಯ್ತು, ಗೊತ್ತಾಯ್ತು" ಅಂದರು. ಆ ಎರಡು ಮಾತಿಗೇ ಅರ್ಧ ಕಾಯಿಲೆ ಹೋಯಿತು. ಉಳಿದ ಅರ್ಧಕ್ಕೆ ಅಲ್ಲಿ ಕೊಡುತ್ತಿದ್ದ ಅದೇ ಮಾತ್ರೆ, ಅದೇ ಬಣ್ಣ. ಎದ್ದು ಬರುವಾಗ, "ಕೈ ಒಂದೇ ಅಲ್ಲ ಡಾಕ್ಟ್ರೇ, ಒಳಗೂ ಹಂಗೇ ಇದೆ" ಅಂದೆ.

"ಒಳಗೆ ಅಂದ್ರೆ ಎಲ್ಲಿ?"

"ಅದೇ ಗೊತ್ತಾಗ್ತಿಲ್ಲ."

"ವಯಸ್ಸಾಯ್ತಲ್ಲ ಅಜ್ಜಾ" ಅಂದರು, ಮುಂದಿನವರನ್ನು ಕರೆದರು. ಮಾತು ತಿಳಿಯುವ ದೇಶದಲ್ಲಿ ಇದೊಂದು ತೊಂದರೆ ನೋಡು. ನನ್ನ ಮಾತು ಅವರಿಗೆ ತಿಳಿಯಲಿಲ್ಲ ಅಂತ ಭಾಷೆಯ ಮೇಲೆ ತಪ್ಪು ಹಾಕುವ ಹಾಗಿಲ್ಲ.

ಇನ್ನೊಂದು ಒಳ್ಳೆಯದು ಬೈಗುಳ. ಅಲ್ಲಿ ಯಾರಾದರೂ ಬೈದರೂ ಹೊಗಳುತ್ತಿದ್ದಾರೇನೋ ಎಂದು ನಾವಿಬ್ಬರೂ ತಲೆಯಾಡಿಸುತ್ತಿದ್ದೆವು. ಇಲ್ಲಿ ಒಂದಕ್ಷರವೂ ನಷ್ಟವಾಗುವುದಿಲ್ಲ. ಮೊನ್ನೆ ಬಸ್ಸಿನ ಬಾಗಿಲಲ್ಲಿ ನಿಂತಿದ್ದೆ. ಕಂಡಕ್ಟರ್, "ಒಳಗೆ ಹೋಗಿ ಅಜ್ಜ, ಬಾಗಿಲೇನು ನಿಮ್ಮ ಮಾವ ಕೊಟ್ಟಿದ್ದಾ?" ಅಂದ. ಮದುವೆಯೇ ಆಗದವನಿಗೆ ಒಂದು ಟಿಕೆಟ್ಟಿಗೆ ಮಾವನನ್ನೂ ಸೇರಿಸಿ ಕೊಟ್ಟ ಮಹಾನುಭಾವ. ನಾವು ಮೂವತ್ತೊಂದು ವರ್ಷ ಆಸ್ಪತ್ರೆಯ ಬಟ್ಟೆ ಒಗೆಯುವುದರಲ್ಲೇ ಕಳೆದೆವಲ್ಲ, ಒಗೆತನ ಅನ್ನುವುದೊಂದು ಉಳಿದೇ ಹೋಯಿತು. ಇಳಿಯುವಾಗ ಅವನಿಗೆ, "ಮಾವನಿಗೆ ನಮಸ್ಕಾರ ಹೇಳಪ್ಪ" ಅಂದೆ. ಹಿಂದಿನ ಸೀಟಿನ ಹೆಂಗಸರೆಲ್ಲ ನಕ್ಕರು. ನನಗೂ ನಗು ಬರಬೇಕಾಗಿತ್ತು. ಬರಲಿಲ್ಲ. ಬಾಯಿ ನಕ್ಕಿರಬಹುದು, ಅದಕ್ಕೆ ರೂಢಿಯಿದೆ.

ಈಗ ಕೆಟ್ಟದ್ದು. ಅಲ್ಲಿ ಮೂವತ್ತೊಂದು ವರ್ಷ ಎಲ್ಲರೂ "ಯಾವ ದೇಶದವನು" ಅಂತ ಕೇಳಿದರು. ಇಲ್ಲಿ ಹನ್ನೊಂದೂವರೆ ತಿಂಗಳಿಂದ ಎಲ್ಲರೂ "ಯಾವಾಗ ವಾಪಸ್ಸು" ಅಂತ ಕೇಳುತ್ತಿದ್ದಾರೆ. ಹಾಲಿನವನು ಕೇಳಿದ, ಕ್ಷೌರದವನು ಕತ್ತಿಯನ್ನು ಕುತ್ತಿಗೆಯ ಮೇಲಿಟ್ಟುಕೊಂಡೇ ಕೇಳಿದ. "ವಾಪಸ್ಸೇ ಬಂದಿದ್ದೀನಪ್ಪಾ" ಅಂದರೆ, "ಹಂಗಲ್ಲ, ವಾಪಸ್ಸು ಯಾವಾಗ?" ಪರದೇಶದಲ್ಲಿ ಇದ್ದಷ್ಟು ದಿನ ನಾನು ಪರದೇಶಿಯಾಗಿರಲಿಲ್ಲ ಕಣೋ. ನೀನಿದ್ದೆ, ಬೆಡ್‌ಶೀಟಿನ ಆ ಎರಡು ಮೂಲೆ ಹಿಡಿದುಕೊಂಡು. ಇಲ್ಲಿಗೆ ಬಂದು ಆದೆ.

ತಮ್ಮನ ಮನೆಯಲ್ಲಿದ್ದೇನೆ. ಕೆಳಗೆ ಗಾಜಿನಂಗಡಿ, ಮೇಲೆ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಬೀದಿಯಲ್ಲಿ ಲಾರಿ ಹೋದರೆ ಗೋಡೆಗೆ ಒರಗಿಸಿದ ಗಾಜುಗಳೆಲ್ಲ ಸಣ್ಣಗೆ ನಡುಗುತ್ತವೆ, ಹಾಸಿಗೆಯಲ್ಲಿದ್ದರೂ ಕೇಳುತ್ತದೆ. ಈ ತಮ್ಮನ ಪ್ರತಾಪ ನಿನಗೆ ಹೇಳಿದ್ದೇನೆ. ಚಿಕ್ಕಂದಿನಲ್ಲಿ ನಾನು ಚೇಷ್ಟೆಯಾದರೆ ಅವನು ಕುಚೇಷ್ಟೆ. ಅವನ ಚಪ್ಪಲಿಯನ್ನು ನಾನು ನೆಲಕ್ಕೆ ಸೇರಿಸಿ ಮೊಳೆ ಹೊಡೆದರೆ, ಮರುದಿನ ನನ್ನ ಅಂಗಿಯ ಎರಡೂ ತೋಳಿನ ಬಾಯಿ ಹೊಲಿದಿರುತ್ತಿತ್ತು. ಅಮ್ಮ ಇಬ್ಬರಿಗೂ ಒಂದೇ ಕೋಲು ಇಟ್ಟಿದ್ದಳು, ಯಾರು ಮಾಡಿದ್ದು ಅಂತ ವಿಚಾರಿಸುವ ಗೋಜಿಗೇ ಹೋಗುತ್ತಿರಲಿಲ್ಲ.

ಆ ತಮ್ಮ ಈಗ ನನ್ನನ್ನು ಕಂಡರೆ ಕುರ್ಚಿ ಒರೆಸುತ್ತಾನೆ. "ಅಣ್ಣ, ಇಲ್ಲಿ ಕೂತ್ಕೊಳ್ಳಿ. ಅಣ್ಣ, ನಿಮಗೆ ಗಾಳಿ ಬೇಕಾ?" ನೀವು, ನಿಮಗೆ, ನಿಮ್ಮ. ನಾನೊಬ್ಬನೇ ಹೋಗಿ ಇಬ್ಬರಾಗಿ ಬಂದೆನೇನೋ ಅಂತ ಹಿಂದೆ ತಿರುಗಿ ನೋಡುತ್ತೇನೆ. ನನಗೊಂದು ಬೇರೆ ಲೋಟ, ಬೇರೆ ಟವೆಲ್ಲು, ಕಿಟಕಿಯ ಪಕ್ಕದ ಕೋಣೆ. ಅವನ ಹೆಂಡತಿ ಒಳ್ಳೆಯವಳು. "ಭಾವ, ಚಹಾ ಎಲ್ಲಿಡ್ಲಿ? ಭಾವ, ಸಕ್ಕರೆ ಸಾಕಾ?" ಎಂದು ದಿನಕ್ಕೆ ಇಪ್ಪತ್ತು ಸಲ ಭಾವ ಅನ್ನುತ್ತಾಳೆ. ಇಷ್ಟು ಭಾವ ಹೊರಗಿನಿಂದ ತುಂಬಿದರೂ ಒಳಗೆ ಅಭಾವವೇ. ಒಟ್ಟಿನಲ್ಲಿ ನಂಟು ಹೋಗಿ ನೆಂಟನಾದೆ. ಜಗಳವಿಲ್ಲ, ಕೊರತೆಯಿಲ್ಲ, ಊಟಕ್ಕೆ ಮೊದಲು ನನಗೇ ಬಡಿಸುತ್ತಾರೆ. ದೂರು ಕೊಡೋಣವೆಂದರೆ ಒಂದು ಸಾಲೂ ಹುಟ್ಟುವುದಿಲ್ಲ.

ಹೋದ ತಿಂಗಳು ಕೊನೆಯ ಪ್ರಯತ್ನ ಮಾಡಿದೆ. ಅಂಗಡಿಯ ಮುಂಬಾಗಿಲಿನ ದೊಡ್ಡ ಗಾಜು ಬಿರುಕು ಬಿಟ್ಟಿತ್ತು. ತಮ್ಮ ಅದನ್ನು ಬೆಳಿಗ್ಗೆ ಬಿಚ್ಚಿಟ್ಟು, ಹೊಸದನ್ನು ತರಲು ಗೋದಾಮಿಗೆ ಹೋಗಿದ್ದ. ಬರೀ ಚೌಕಟ್ಟು ಉಳಿದಿತ್ತು, ಎಮ್ಮೆ ಬೇಕಾದರೂ ನುಗ್ಗಬಹುದು. ನಾನು ಅಡ್ಡಕ್ಕೆ ಒಂದು ತೆಳು ದಾರ ಕಟ್ಟಿ, 'ಹೊಸ ಗಾಜು, ಮುಟ್ಟಬೇಡಿ' ಅಂತ ಚೀಟಿ ಅಂಟಿಸಿ, ಒದ್ದೆ ಬಟ್ಟೆ ತಗೊಂಡು ಗಾಳಿಯನ್ನು ಒರೆಸುತ್ತ ನಿಂತೆ. ಮೊದಲು ಬಂದವರು ಒಬ್ಬ ಟೀಚರಮ್ಮ, ಕೈಯಲ್ಲಿ ಒಡೆದ ಕನ್ನಡಿ. ನಿಂತರು, ನೋಡಿದರು, ಪಕ್ಕದ ಸಂದಿಯಿಂದ ಸುತ್ತಿ ಹಿಂಬಾಗಿಲಲ್ಲಿ ಬಂದರು. ಒಂದು ಗಂಟೆಯಲ್ಲಿ ಆರು ಜನ ಹೀಗೆ ಸುತ್ತಿದರು. ಏಳನೆಯವನು ದಪ್ಪ ಮನುಷ್ಯ. ಗಾಜಿನಾಚೆ ಕೇಳಿಸಲಿ ಅಂತ ಕೂಗಿದ, "ರೀ, ಫ್ರೇಮ್ ಹಾಕಿ ಕೊಡ್ತೀರಾ?" ನಾನು ಕೇಳಿಸಲಿಲ್ಲ ಅಂತ ಕಿವಿಗೆ ಕೈಯಿಟ್ಟೆ. ಅವನು ಇನ್ನೂ ಜೋರಾಗಿ ಕೂಗಿದ. ಬೀದಿಯವರೆಲ್ಲ ತಿರುಗಿ ನೋಡಿದರು, ನಮ್ಮಿಬ್ಬರ ಮಧ್ಯೆ ಒಂದು ಮೊಳ ದೂರ.

ಅಷ್ಟರಲ್ಲಿ ತಮ್ಮ ಬಂದ. ಹಿಂದಿನ ತಮ್ಮನಾಗಿದ್ದರೆ ಆ ದಪ್ಪ ಮನುಷ್ಯನಿಗೆ ಏಣಿ ತಂದುಕೊಟ್ಟು ಮೇಲಿನಿಂದ ಹತ್ತಿ ಬನ್ನಿ ಅನ್ನುತ್ತಿದ್ದ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಜೇಬಿನಿಂದ ಬ್ಲೇಡು ತೆಗೆದು ದಾರ ಕತ್ತರಿಸಿದ, ಚೀಟಿ ಮಡಿಸಿ ಇಟ್ಟುಕೊಂಡ, "ಕ್ಷಮಿಸಿ ಸಾರ್" ಅಂದ, "ನಮ್ಮಣ್ಣ ತುಂಬಾ ವರ್ಷ ಹೊರದೇಶದಲ್ಲಿದ್ದೋರು. ಇಲ್ಲಿಂದು ಗೊತ್ತಾಗಲ್ಲ ಅವರಿಗೆ."

"ಪರವಾಗಿಲ್ಲ ಬಿಡಿ, ಪಾಪ" ಅಂದ ದಪ್ಪ ಮನುಷ್ಯ.

ಪಾಪ ಅಂದ ಕಣೋ. ನನ್ನ ಬದುಕಿನ ಅತ್ಯುತ್ತಮ ಚೇಷ್ಟೆಯನ್ನು ತಮ್ಮ ಒಂದೇ ಮಾತಿನಲ್ಲಿ ಮುದುಕನ ತಪ್ಪು ಮಾಡಿಬಿಟ್ಟ. ಅವಮಾನವಾಯಿತಾ ಅಂತ ನನ್ನನ್ನೇ ಕೇಳಿಕೊಂಡೆ. ಆಗಿದ್ದರೆ ಚೆನ್ನಾಗಿತ್ತು. ಒದ್ದೆ ಬಟ್ಟೆ ಹಿಂಡಿ ಒಣಹಾಕಿ ಮೇಲೆ ಹೋಗಿ ಮಲಗಿದೆ.

ಹೀಗಿದೆ ಸಮಾಚಾರ. ತೂಗಿ ನೋಡಿದರೆ ತಕ್ಕಡಿ ನಿನ್ನ ಕಡೆಗೇ ವಾಲುತ್ತದೆ. ಇಲ್ಲಿ ಎಲ್ಲರ ಮಾತೂ ನನಗೆ ತಿಳಿಯುತ್ತದೆ, ಆದರೆ ಮಾತಾಡುವವರಿಲ್ಲ. ಅಲ್ಲಿ ಯಾರ ಮಾತೂ ತಿಳಿಯುವುದಿಲ್ಲ, ಆದರೆ ನೀನಿದ್ದೀಯ, ಬಾಯಿ ಮುಚ್ಚುವುದೇ ಇಲ್ಲ. ಹದಿನೈದಕ್ಕೆ ಟಿಕೆಟ್ ತೆಗೆಸಿದ್ದೇನೆ. ಹದಿನಾರರ ಸಂಜೆಗೆ ಬಂದು ಇಳಿಯುತ್ತೇನೆ. ಕೋಣೆ ಗುಡಿಸಿಡು, ಕಿಟಕಿ ತೆಗೆದಿಡು, ನನ್ನ ದಿಂಬನ್ನು ನೀನು ತಗೊಂಡು ಹೋಗಿರುತ್ತೀಯ, ಅದನ್ನು ತಂದಿಡು.

ನಿನ್ನ ಮಂಡಿ ನಿನ್ನ ಮಾತು ಕೇಳಲಿ, ಬಾಯ್ಲರು ಕೆಡದಿರಲಿ, ಉಳಿದ ಒಂದು ವರ್ಷ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕಳೆಯಲಿ. ನಿನಗಿಂತ ಎರಡು ವರ್ಷ ದೊಡ್ಡವನು, ಆಶೀರ್ವಾದ ಮಾಡುವ ಹಕ್ಕು ನನಗಿದೆ.

ಇಂತಿ ನಿನ್ನ,
ಸುಕ್ಕಪ್ಪ
(ಎಷ್ಟು ಇಸ್ತ್ರಿ ಮಾಡಿದರೂ ಹೋಗದವನು)

ತಾ.ಕ. ಇವತ್ತು ಐದು, ಶುಕ್ರವಾರ. ಕಾಗದ ಇನ್ನೂ ನನ್ನ ಹತ್ತಿರವೇ ಇದೆ. ಮೇಲಿನದನ್ನು ಹರಿದುಹಾಕಬಹುದಿತ್ತು. ಬುಧವಾರ ಹಾಗೆ ಅಂದುಕೊಂಡದ್ದೂ ನಿಜವೇ, ಅದಕ್ಕೆ ಬಿಟ್ಟಿದ್ದೇನೆ.

ನಿನಗೆ ಒಂದು ವಿಷಯ ಹನ್ನೆರಡು ವರ್ಷದಿಂದ ಹೇಳಿಲ್ಲ. ಒಂದು ಮಧ್ಯಾಹ್ನ ಇಸ್ತ್ರಿ ಯಂತ್ರ ಕೆಟ್ಟು ನಿಂತಿತ್ತು, ನಾವೆಲ್ಲ ಕೆಲಸವಿಲ್ಲದೆ ಕೂತಿದ್ದೆವು, ಲಾಂಡ್ರಿಯ ಫೋನಿಗೆ ತಮ್ಮನ ಕರೆ ಬಂತಲ್ಲ. "ಅಣ್ಣಾ, ಅಮ್ಮನಿಗೆ ತುಂಬಾ ಜಾಸ್ತಿಯಾಗಿದೆ ಕಣೋ, ಈಗ್ಲೇ ಹೊರಡು" ಅಂದ. ಅದಕ್ಕೆ ಮುಂಚೆ ಒಂದು ಸಲ ಅವನು ಮನೆಗೆ ಬೆಂಕಿ ಬಿತ್ತು ಅಂತ ಫೋನ್ ಮಾಡಿದ್ದ, ಸುಳ್ಳು. ನಾನು ನನಗಿಲ್ಲಿ ಮದುವೆಯಾಗಿ ಅವಳಿಜವಳಿ ಹುಟ್ಟಿವೆ ಅಂತ ಬರೆದಿದ್ದೆ, ಅಮ್ಮ ಎರಡು ಉಣ್ಣೆ ಟೋಪಿ ಹೆಣೆದು ಕಳಿಸಿದ್ದಳು. ಹಾಗಿತ್ತು ನಮ್ಮ ವ್ಯವಹಾರ. "ಚೆನ್ನಾಗಿದೆ, ಸ್ವಲ್ಪ ಅಳು ಸೇರಿಸು" ಅಂದೆ. "ದೇವರಾಣೆ ಅಣ್ಣಾ" ಅಂದ. "ಇದು ಹೊಸದು" ಅಂತ ಫೋನನ್ನು ನಿನ್ನ ಕೈಗೆ ಕೊಟ್ಟೆ. ನೀನು ಮೇನೇಜರ ಗತ್ತಿನಲ್ಲಿ, "ರಜೆ ಮಂಜೂರಾಗಿಲ್ಲ. ಕಾಯಿಲೆಯನ್ನ ಮುಂದಿನ ತಿಂಗಳಿಗೆ ಇಟ್ಕೊಳ್ಳೋಕೆ ಹೇಳಿ" ಅಂದೆ. ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಆ ಕಡೆ ಅವನು ಫೋನಿಟ್ಟ.

ಅದು ನಿಜವಾಗಿತ್ತು. ಆಮೇಲೆ ಅಮ್ಮ ಮೂರೇ ದಿನ ಇದ್ದಳು. ಎರಡು ವಾರದ ಮೇಲೆ ತಮ್ಮನ ಎರಡು ಸಾಲಿನ ಕಾಗದ ಬಂತು. ನಿನಗೆ ಗೊತ್ತಾಗಬಾರದೆಂದು ಮೂರು ತಿಂಗಳು ಬಿಟ್ಟು, ಅಮ್ಮ ನಿದ್ದೆಯಲ್ಲೇ ಹೋದಳಂತೆ ಅಂದೆ. ಆ ಮೂರು ತಿಂಗಳೂ ನೀನು ಊಟದ ಹೊತ್ತಿಗೆ ಆ ಫೋನಿನ ಕಥೆಯನ್ನು ಹೊಸಬರಿಗೆ ಅಭಿನಯಿಸಿ ತೋರಿಸಿ ನಗಿಸುತ್ತಿದ್ದೆ. ನಾನೂ ನಗುತ್ತಿದ್ದೆ. ತಪ್ಪು ನಿನ್ನದಲ್ಲ, ಫೋನು ಕೊಟ್ಟವನು ನಾನು. ಆಮೇಲೆ ಇಷ್ಟು ವರ್ಷ ಊರಿಗೆ ಬರುವ ಮುಖವಿರಲಿಲ್ಲ. ಬಂದ ಮೇಲೂ ತಮ್ಮ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಿನ್ನೆ ಅಂಗಡಿಗೆ ಇಳಿದು, ಹದಿನೈದಕ್ಕೆ ಹೊರಡುತ್ತೇನೆ ಅಂದೆ. ಅವನು ಗಾಜಿನ ಮೇಲೆ ಗೆರೆ ಎಳೆಯುತ್ತಿದ್ದ. "ಸರಿ ಅಣ್ಣ. ಟಿಕೆಟ್ ಆಯ್ತಾ?" ಅಂದ. ಆಯಿತು ಅಂದೆ. ಮೆಟ್ಟಿಲ ತನಕ ಹೋದವನು ವಾಪಸ್ ಬಂದೆ.

"ಅವತ್ತು ಫೋನಿಟ್ಟ ಮೇಲೆ ಅಮ್ಮನಿಗೆ ಏನು ಹೇಳ್ದೆ?"

ಅವನು ಗೆರೆ ಮುಗಿಸಿದ. ಗಾಜನ್ನು ಮೇಜಿನ ಅಂಚಿಗೆ ತಂದು ಎರಡೂ ಕೈಯಿಂದ ಒತ್ತಿ ಮುರಿದ. ನೇರವಾಗಿ ಮುರಿಯಿತು.

"ಅಣ್ಣ ಹೊರಟಿದ್ದಾನೆ, ದಾರೀಲಿದ್ದಾನೆ ಅಂದೆ."

"ಮೂರು ದಿನಾನೂ?"

"ಮೂರು ದಿನಾನೂ. ಎಲ್ಲಿಗೆ ಬಂದ, ಎಲ್ಲಿಗೆ ಬಂದ ಅಂತ ಕೇಳ್ತಾನೇ ಇದ್ಲು. ಬೆಳಿಗ್ಗೆ ಒಂದೂರು ಹೇಳ್ತಿದ್ದೆ, ಸಂಜೆ ಒಂದೂರು ಹೇಳ್ತಿದ್ದೆ. ಕೊನೇ ದಿನ, ಸ್ಟೇಷನ್‌ನಲ್ಲಿ ಇಳಿದ ಅಂದೆ."

"ನಂಬಿದ್ಲಾ?"

"ಗೊತ್ತಿಲ್ಲ. ಬಾಗಿಲು ತೆಗೆದಿಡು ಅಂದ್ಲು."

ಯಾರೋ ಬಂದು ಕಿಟಕಿಯ ಅಳತೆ ಹೇಳಿದರು. ಅವನು ಬರೆದುಕೊಂಡ. ನನಗೆ ಅಳು ಬರಲಿಲ್ಲ, ಇದನ್ನು ಬರೆಯುವಾಗಲೂ ಬಂದಿಲ್ಲ.

ಸ್ಟೇಷನ್ನಿಂದ ಈ ಮನೆಗೆ ಹತ್ತು ನಿಮಿಷದ ದಾರಿ. ಹೇಗೋ ಬಂದು ತಲುಪಿದ್ದೇನೆ. ಈಗ ಮತ್ತೆ ಹೊರಟುಬಿಟ್ಟರೆ ತಮ್ಮ ಹೇಳಿದ್ದು ಸುಳ್ಳಾಗುತ್ತದೆ. ಇವತ್ತು ಬೆಳಿಗ್ಗೆ ಹೋಗಿ ಟಿಕೆಟ್ ರದ್ದು ಮಾಡಿಸಿದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಇದು ತಮಾಷೆಯಲ್ಲ ಅಂತ ನಾನು ಬರೆದರೆ ನೀನು ನಂಬುವವನಲ್ಲ. ಅದಕ್ಕೆ ನನ್ನ ವಾಸದ ಕಾರ್ಡನ್ನೇ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಅದನ್ನು ಕಚೇರಿಗೆ ಒಪ್ಪಿಸಿ, ಕೋಣೆಯ ಬೀಗದ ಕೈಯನ್ನು ಮನೆಯೊಡತಿಗೆ ಕೊಟ್ಟುಬಿಡು.