ಕಸವಿಲ್ಲದ ಹೊಲ

೧೪-೭-೧೯೯೩, ಬುಧವಾರ. ಕದರಮಂಡಲಗಿ

ಕಣ್ಣು ಮುಚ್ಚಿದರೆ ಆ ಚಪ್ಪಲಿಗಳೇ ಕಾಣುತ್ತವೆ.

ನಮ್ಮ ಗೋವಿನಜೋಳದ ಕಸ ತೆಗೆಯುವವರು ಪ್ರತಿ ವರ್ಷವೂ ದುರಗವ್ವ ಮತ್ತು ಅವಳ ಜೊತೆಯ ಹೆಂಗಸರೇ. ಕರೆಯದಿದ್ದರೂ ಬರುತ್ತಾರೆ. ಈ ಸಲ ಕೃಷಿ ಸಂಶೋಧನಾ ಕೇಂದ್ರದ ಸಾಹೇಬರು ಪ್ರಯೋಗಕ್ಕೆಂದು ನನ್ನ ಎರಡು ಎಕರೆಗೆ ಕಸವೇ ಹುಟ್ಟದಂಥ ಔಷಧ ಹೊಡೆಸಿದರು. ಊರಲ್ಲಿ ನನ್ನನ್ನೇ ಆರಿಸಿದರಲ್ಲ ಎಂದು ಹಿಗ್ಗಿದ್ದೆ. ದುರಗವ್ವನಿಗೆ ಹೇಳಬೇಕಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ತಿಂಗಳು ಕಳೆದೆ.

ಬೆಳಿಗ್ಗೆ ಕಳೆ ಕೀಳುವ ಕುರುಪಿ, ಬುತ್ತಿ ಹಿಡಿದು ಬಂದೇಬಿಟ್ಟರು. ನಾನು ಬಾಗಿಲ ಪಕ್ಕದ ದನದ ಕೊಟ್ಟಿಗೆಯಲ್ಲಿ ಅಡಗಿ ಕೂತೆ.

"ಅವರು ಬ್ಯಾಡಗಿಗೆ ಹೋಗ್ಯಾರ" ಅಂದಳು ಹೆಂಡತಿ.

ದುರಗವ್ವ ಹೊಸ್ತಿಲಲ್ಲಿದ್ದ ನನ್ನ ಚಪ್ಪಲಿ ನೋಡಿ ನಕ್ಕಳು. "ಬರಿಗಾಲಲೆ ಹೋಗ್ಯಾನೇನವಾ ನಮ್ಮ ಸೋಮಣ್ಣ? ಮುಳ್ಳ ಚುಚ್ಚೀತು."

ಆಮೇಲೆ ದುರಗವ್ವ ಮೆಲ್ಲಗೆ ಅಂದಳು, "ಹೊಲ ನೋಡಿಕೊಂಡ ಬಂದೇವಿ ತಂಗಿ. ಆಡಿಗೆ ಹಾಕಾಕೂ ಒಂದ ಹಿಡಿ ಹುಲ್ಲಿಲ್ಲ. ಇದನ್ನ ನಂಬಿ, ರಾಣೆಬೆನ್ನೂರ ಕಡೆ ಕರದ್ರೂ ಹೋಗಲಿಲ್ಲ ನಾವು. ಈಗ ಅಲ್ಲೂ ಆಳು ತುಂಬ್ಯಾವ. ಮೊದ್ಲ ಒಂದ ಮಾತ ಹೇಳಬಾರದೇನ?"

ಹೋದರು. ಮುಂದಿನ ವರ್ಷ ನನ್ನ ಹೊಲ ನೋಡಿ ಊರವರೆಲ್ಲ ಔಷಧ ಹೊಡೆಯುತ್ತಾರೆ. ಆಗ ಇವರು ಎಲ್ಲಿಗೆ ಹೋಗಬೇಕು?

ನಾಳೆ ಸಾಹೇಬರು ಫೋಟೋ ತೆಗೆಯಲು ಬರುತ್ತಾರೆ. ಹೊಲದ ನಡುವೆ ನಗುತ್ತ ನಿಲ್ಲಬೇಕಂತೆ. ಹೊಲವೇನೋ ಖರೇನೇ ಚಂದ ಕಾಣುತ್ತದೆ.

ಸಂಜೆ ದುರಗವ್ವನ ಮನೆಗೆ ಹೋಗಿಬರೋಣವೆಂದು ಎದ್ದೆ. ಹೊಸ್ತಿಲಲ್ಲಿ ಚಪ್ಪಲಿಗಳು ಜೋಡಿಸಿ, ಹೊರಗೆ ಮುಖ ಮಾಡಿ ಇದ್ದವು. ಹೋಗುವಾಗ ದುರಗವ್ವನೇ ತಿರುಗಿಸಿ ಇಟ್ಟಳೆಂದು ಹೆಂಡತಿ ಹೇಳಿದಳು. ಅವನ್ನು ಮೆಟ್ಟಲು ಕಾಲು ಬರಲಿಲ್ಲ. ಒಳಗೆ ಬಂದು ಕೂತೆ. ಇನ್ನೂ ಅವು ಅಲ್ಲೇ ಇವೆ.