ನದಿತಿರುವಿನ ಬಗ್ಗೆ ನೀನು ಹೇಳಿದ್ದು

ವಿಲ್ಗಾರಾ ಲ್ಯಾಂಡ್ ಕೌನ್ಸಿಲ್ ಕಚೇರಿ
ಆಗಸ್ಟ್ 28, 1996

ಕ್ಲೆಮ್,

ನಿನ್ನ ಕ್ಷೇಮ ವಿಚಾರಿಸಲು ಬರೆಯುತ್ತಿಲ್ಲ. ಹೋದ ಗುರುವಾರ ಗಾಲ್ಫ್ ಕ್ಲಬ್ಬಿನಲ್ಲಿ ನಡೆದ ಸಭೆಯ ನಡುವೆ ನೀನು ಹಿಂಬಾಗಿಲಿನಿಂದ ಹೊರಟುಹೋದ ಮೇಲೆ ಏನಾಯಿತೆಂದು, ನೀನೀಗ ಯಾರ ಮನೆಯಲ್ಲಿರುವೆಯೋ ಆ ಗೇಲ್ ನಿನಗೆ ಸರಿಯಾಗಿ ಹೇಳಿರಲಿಕ್ಕಿಲ್ಲ. ಕ್ಲಬ್ಬಿನ ಬಾರಿನ ಹಿಂದೆ ನಿಂತು ಲೋಟ ಒರೆಸುವವಳಿಗೆ ಅರ್ಧ ಮಾತೇ ಕೇಳಿಸುವುದು. ಪೂರ್ತಿ ನನ್ನಿಂದ ತಿಳಿಯಲಿ.

ನೀನು ಆ ದಿನ ಚೆನ್ನಾಗಿ ಕಾಣುತ್ತಿದ್ದೆ. ಹೊಸ ಟೋಪಿ, ಕಂದು ಕೋಟು. ಪುರಸಭೆಯವರು ಮುಂದಿನ ಸಾಲಿನಲ್ಲಿ, ಅಧ್ಯಕ್ಷರ ಪಕ್ಕದಲ್ಲೇ ನಿನಗೆ ಕುರ್ಚಿ ಹಾಕಿದ್ದರು. ನಾವು ಹಿಂದಿನ ಸಾಲುಗಳಲ್ಲಿದ್ದೆವು. ನೀನು ಎದ್ದು ನಿಂತು 'ನಮ್ಮ ಹಿರಿಯರ ನಾಡಿಗೆ ಎಲ್ಲರಿಗೂ ಸ್ವಾಗತ' ಎಂದೆ. ನನ್ನ ಪಕ್ಕದಲ್ಲಿ ಕೂತಿದ್ದ ಆಂಟಿ ವಯೋಲಾ ಕೈಯಲ್ಲಿದ್ದ ಬಿಸ್ಕತ್ತನ್ನು ಮೆಲ್ಲಗೆ ಮಡಿಲಲ್ಲಿಟ್ಟುಕೊಂಡರು. 'ನಮ್ಮ ಅಂದ್ನಲ್ಲೇ ಇವನು' ಅಂತ ನನ್ನ ಕಿವಿಯಲ್ಲಿ ಹೇಳಿದರು. ನಾನು ಅವರ ಮೊಣಕಾಲಿನ ಮೇಲೆ ಕೈಯಿಟ್ಟೆ. ಇನ್ನೂ ಹೇಳಲಿ, ಕಾಯೋಣ ಎಂದು ಅದರ ಅರ್ಥ.

ನೀನು ಹೇಳಿದೆ. ಸರ್ಕಾರದ ಕೈಯಲ್ಲಿರುವ ನದಿತಿರುವಿನ ಆ ಜಮೀನನ್ನು ನಮಗೆ ಬಿಡಿ ಎಂದು ನಮ್ಮ ಮೂಲನಿವಾಸಿಗಳ ಕೌನ್ಸಿಲ್ ನಾಲ್ಕು ವರ್ಷದಿಂದ ಕೇಳುತ್ತಿದೆ. ಅದನ್ನೇ ಗಾಲ್ಫ್ ಮೈದಾನಕ್ಕೆ ಸೇರಿಸಬೇಕು ಎಂದು ಕ್ಲಬ್ಬಿನವರ ಆಸೆ. ಅವರಿಗಾಗಿ ಪುರಸಭೆ ನಮ್ಮ ಅರ್ಜಿಗೆ ಅಡ್ಡ ನಿಂತಿತ್ತು. ಇಷ್ಟೆಲ್ಲ ನಿನಗೆ ಗೊತ್ತಿತ್ತು. ನಮ್ಮ ಅಡುಗೆಮನೆಯ ಮೇಜಿನ ಮೇಲೆಯೇ ಆ ಅರ್ಜಿ ತಯಾರಾದದ್ದು. ಅಂದು ಡ್ಯಾಂಪರ್ ರೊಟ್ಟಿಗೆ ಗೊಜ್ಜು ಸುರಿದುಕೊಂಡು ತಿನ್ನುತ್ತ ನೀನೂ ಕೂತಿದ್ದೆ. ಆದರೂ ಅಧ್ಯಕ್ಷರು ಕೇಳಿದಾಗ ನೀನು ಹೀಗೆ ಹೇಳಿದೆ:

'ಆ ತಿರುವಲ್ಲಿ ನಮ್ಮೋರದ್ದು ಅಂತ ಏನೂ ಇಲ್ಲ ಸಾರ್. ಮೂವತ್ತು ವರ್ಷ ಅಲ್ಲೇ ಮೀನು ಹಿಡ್ದಿದೀನಿ. ಪೊದೆ, ಸೊಳ್ಳೆ, ಅಷ್ಟೇ. ನಿಮ್ಮ ಚೆಂಡು ಕಳೆದ್ರೆ ಹುಡುಕೋಕೆ ಕಷ್ಟ ಆಗುತ್ತೆ ನೋಡಿ.'

ಕ್ಲಬ್ಬಿನವರು ನಕ್ಕರು. ನೀನು ಹಿಂತಿರುಗಿ ನನ್ನನ್ನು ನೋಡಿದೆ. ಆಗ ನಾನು ಆಂಟಿಯ ಮೊಣಕಾಲಿನಿಂದ ಕೈ ತೆಗೆದೆ.

ಮುಂದಿನದು ನಿನಗೂ ನೆನಪಿರುತ್ತದೆ. ಆದರೂ ಬರೆಯುತ್ತೇನೆ, ಬರೆಯುವುದರಲ್ಲಿ ನನಗೆ ಒಂದು ಸುಖವಿದೆ. ಆಂಟಿ ಕೋಲೂರಿ ಎದ್ದರು. ಅವರು ಎದ್ದರೆ ನಮ್ಮ ಮಕ್ಕಳು ಕೂಡ ಸುಮ್ಮನಾಗುತ್ತವೆ.

'ಮಗಾ, ನೀನು ಯಾರ ಪೈಕಿ?' ಅಂದರು.

'ಆಂಟಿ, ನಾನು ನಿಮಗೆ ಗೊತ್ತಿಲ್ವಾ' ಅಂದೆ ನೀನು.

'ನಂಗೊತ್ತು. ಈ ಸಾಹೇಬರಿಗೆ ಗೊತ್ತಿಲ್ಲ. ನಿಮ್ಮಮ್ಮ ಎಲ್ಲಿಯೋರು?'

'ಮೇಲೆ, ಕಲ್ಲುಹೊಳೆ ಕಡೆ.'

'ಅಪ್ಪ?'

'ಅವರೂ.'

'ಮತ್ತೆ ಇಲ್ಲಿಗೆ ಹೇಗಪ್ಪಾ ಬಂದೆ?'

ನೀನು ಟೋಪಿ ತೆಗೆದೆ. 'ಡೆಲ್ಮಾನ ಮದ್ವೆ ಆಗಿ' ಅಂದೆ.

'ಓ. ಈಗ ಡೆಲ್ಮಾ ಮನೇಲೇ ಇದೀಯಾ?'

ಈ ಸಲ ನಕ್ಕವರು ನಮ್ಮವರು. ಕ್ಲಬ್ಬಿನವರ ನಗುವಿಗಿಂತ ಅದು ನಿನಗೆ ಜಾಸ್ತಿ ತಾಗಿತು, ನಾನು ನೋಡಿದೆ. ಹೆಂಡತಿಯ ನಾಡಿನಲ್ಲಿ ಗಂಡಸು ಮೀನು ಹಿಡಿಯಬಹುದು, ಬೆಂಕಿ ಹಾಕಬಹುದು, ಮುದುಕನಾಗಿ ಸಾಯಲೂಬಹುದು; ಆ ನಾಡಿನ ಪರವಾಗಿ ಬಾಯಿ ತೆರೆಯುವಂತಿಲ್ಲ. ನಿನ್ನ ಹೊಳೆಯಲ್ಲಿ ಬೇರೆಯವನೊಬ್ಬ ಹಾಗೆ ಮಾತಾಡಿದ್ದರೆ ನಿನ್ನ ಅಮ್ಮ ಅವನ ತಲೆಯ ಮೇಲೆ ಬಿಸಿ ಚಹಾ ಸುರಿಯುತ್ತಿದ್ದರು. ಅವರು ಬದುಕಿಲ್ಲ. ಅದು ನಿನ್ನ ಪುಣ್ಯ.

ಅಷ್ಟಕ್ಕೆ ನೀನು ಹೊರಟೆ. ಇನ್ನು ನೀನು ಕೇಳಿಸಿಕೊಳ್ಳದೇ ಹೋದದ್ದು.

ಅಧ್ಯಕ್ಷರು ಕೆಮ್ಮಿ, 'ಸರಿ ಅಮ್ಮಾ, ಹಾಗಾದ್ರೆ ಅಲ್ಲಿ ಏನಿದೆ ಅಂತ ನೀವೇ ಹೇಳಿ' ಎಂದರು.

ಆಂಟಿ, 'ನಿಮಗೆ ಹೇಳೋಕಾಗಲ್ಲ. ಅದು ಹೆಂಗಸರ ಜಾಗ. ಇಲ್ಲಿ ಕೂತಿರೋ ಗಂಡಸರಲ್ಲಿ ಒಬ್ಬನಿಗೂ ಗೊತ್ತಿಲ್ಲ, ನಮ್ಮ ಗಂಡಸರಿಗೂ ಗೊತ್ತಿಲ್ಲ. ನಿಮ್ಮ ಹೆಂಡತೀನ ಕಳಿಸಿ. ಬಾಯಿ ಭದ್ರ ಇರೋ ಹೆಂಗಸಾದ್ರೆ ಸ್ವಲ್ಪ ಹೇಳ್ತೀನಿ' ಅಂದರು.

ಅಧ್ಯಕ್ಷರ ಹೆಂಡತಿ ಎರಡನೇ ಸಾಲಿನಲ್ಲೇ ಇದ್ದರು. ಆಕೆ ಪರ್ಸು ತೆಗೆದುಕೊಂಡು, ಗಂಡನನ್ನು ಕೇಳದೆ, ನಮ್ಮ ಕಡೆ ಬಂದು ಕೂತರು. ಆಂಟಿ ಆಕೆಯ ಕಿವಿಯಲ್ಲಿ ಎರಡು ಮಾತು ಹೇಳಿದರು. ಆಕೆ ಗಂಡನ ಕಡೆ ತಿರುಗಿ, 'ಅಲ್ಲಿ ಗಾಲ್ಫ್ ಆಡೋಕಾಗಲ್ಲ, ಬ್ರೂಸ್' ಅಂದರು.

ಆಂಟಿ ಮತ್ತೆ ಕೋಲೂರಿ, 'ಆ ಜಾಗ ಬಲ್ಲ ಹೆಂಗಸರು ಏಳಿ' ಅಂದರು. ಎದ್ದೆವು. ಸಾಲುಸಾಲಾಗಿ ಕುರ್ಚಿಗಳು ಹಿಂದೆ ಸರಿದವು. ನಿನ್ನ ಮಗಳು ಲಿನೆಟ್ ಕೂಡ ಎದ್ದಳು. ಅವಳಿಗೆ ಹೇಳಿಕೊಟ್ಟಿದ್ದೇನೆ ಎಂದು ನಿನಗೆ ಗೊತ್ತಿರಲಿಲ್ಲ.

ನಿನಗೆ ಗೊತ್ತಿರದ ಇನ್ನೊಂದು. ಲಿನೆಟ್ ಹುಟ್ಟುವಾಗ ನೀನು ಕುರಿ ತುಪ್ಪಟ ಕತ್ತರಿಸಲು ಪಶ್ಚಿಮಕ್ಕೆ ಹೋಗಿದ್ದೆ. ಬಂದವನೇ, ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಂಡರಾ ಎಂದು ಕೇಳಿದೆ. ನಾನು ಹೂಂ ಅಂದೆ. ನಮ್ಮಂಥವರಿಗೆ ಆಗ ಅಲ್ಲಿ ಹಿಂದಿನ ವರಾಂಡದಲ್ಲಿ, ನೆಲ ಒರೆಸುವ ಬಟ್ಟೆಗಳ ಪಕ್ಕದಲ್ಲಿ ಮಂಚ ಹಾಕುತ್ತಿದ್ದರು. ನಾನು ಹೋಗಲಿಲ್ಲ. ಆಂಟಿ ವಯೋಲಾ ನನ್ನನ್ನು ತಿರುವಿಗೆ ಕರೆದುಕೊಂಡು ಹೋದರು. ನೀನು ಪೊದೆ ಎಂದದ್ದು, ಸೊಳ್ಳೆ ಎಂದದ್ದು ಅದನ್ನು. ಇಷ್ಟನ್ನು ನಿನಗೆ ಬರೆಯಬಹುದೇ ಎಂದು ಆಂಟಿಯನ್ನು ಕೇಳಿದೆ. ಇಷ್ಟು ಬರಿ, ಇನ್ನೊಂದು ಅಕ್ಷರ ಬೇಡ ಅಂದರು.

ಲಿನೆಟ್‌ಗಿಂತ ಮೊದಲಿನದು, ಉಳಿಯದೇ ಹೋದ ನಮ್ಮ ಗಂಡುಮಗು, ಎಲ್ಲಿದೆ ಎಂದು ನೀನು ಒಂದು ಸಲವೂ ಕೇಳಿದವನಲ್ಲ. ಈಗ ಕೇಳಬೇಡ.

ನಿನ್ನೆ ಪುರಸಭೆ ತನ್ನ ಆಕ್ಷೇಪಣೆ ಹಿಂತೆಗೆದುಕೊಂಡಿತು. ಬೇರೆ ಅಡ್ಡಿ ಉಳಿದಿಲ್ಲ. ಜಮೀನು ನಮಗೆ ಬರುತ್ತದೆ ಎಂದು ಸಿಡ್ನಿಯ ವಕೀಲೆ ಫೋನ್ ಮಾಡಿದಳು. ಕೌನ್ಸಿಲ್ ಆಗಲೇ ಒಂದು ನಿರ್ಣಯ ಮಾಡಿದೆ: ತಿರುವಿನ ಎರಡೂ ದಡದಲ್ಲಿ ಗಂಡಸರು ಇಳಿಯುವಂತಿಲ್ಲ, ಬಲೆ ಹಾಕುವಂತಿಲ್ಲ. ಮುಲೆಟ್ ಮೀನಿನ ಹಿಂಡು ಮೊದಲು ಬರುವುದು ಅಲ್ಲಿಗೇ, ಪಾಪ. ನಿರ್ಣಯ ಎಲ್ಲರಿಗೂ ಅನ್ವಯ. ಬರೆಯುವಾಗ ನನ್ನ ಕಣ್ಣ ಮುಂದಿದ್ದದ್ದು ಒಂದೇ ದೋಣಿ.

ಪೇಟೆಯಲ್ಲಿ ಎದುರಾದರೆ ನಾನು ದಾರಿ ಬಿಡುವುದಿಲ್ಲ. ನೀನು ಬಿಡಬೇಕಾಗುತ್ತದೆ.

ಡೆಲ್ಮಾ
(ಲ್ಯಾಂಡ್ ಕೌನ್ಸಿಲ್ ಅಧ್ಯಕ್ಷೆ ಎಂದೂ ಓದಿಕೋ)

ತಾ.ಕ. ಇಷ್ಟು ಜನರಲ್ಲಿ ಪುರಸಭೆಯವರು ನಿನ್ನನ್ನೇ ಏಕೆ ಹುಡುಕಿಕೊಂಡು ಬಂದರು ಎಂದು ಯೋಚಿಸಿರುವೆಯಾ? ಅವರು ಜಾಗ ಪರೀಕ್ಷಿಸಲು ಸಿಡ್ನಿಯಿಂದ ಯಾರೋ ಪಂಡಿತನನ್ನು ಕರೆಸುವವರಿದ್ದರು. ಅವನು ಏನೂ ಇಲ್ಲ ಎಂದು ಬರೆದಿದ್ದರೆ ಅದನ್ನು ಅಳಿಸಲು ನನ್ನ ಆಯುಷ್ಯ ಸಾಲುತ್ತಿರಲಿಲ್ಲ. ತಿರುವಿನ ಬಗ್ಗೆ ಹೇಳಲು ಊರಿನವರೇ ಯಾರಾದರೂ ಇದ್ದಾರಾ ಎಂದು ಅವರು ಕೌನ್ಸಿಲ್‌ಗೆ ಫೋನ್ ಮಾಡಿದಾಗ ನಿನ್ನ ಹೆಸರು ಕೊಟ್ಟವಳು ನಾನು. ನಿನ್ನ ಮಾತನ್ನು ಅಳಿಸಲು ಆಂಟಿಯ ಒಂದು ಪ್ರಶ್ನೆ ಸಾಕು ಎಂದು ಗೊತ್ತಿತ್ತು. 'ಇದು ನನ್ನ ನಾಡಲ್ಲ, ಇಲ್ಲಿನ ಹೆಂಗಸರನ್ನ ಕೇಳಿ' ಎಂದು ನೀನು ಹೇಳಿದ್ದರೂ ನಾವು ಗೆಲ್ಲುತ್ತಿದ್ದೆವು. ಹಾಗೆ ಹೇಳಿಬಿಡುತ್ತೀಯೇನೋ ಎಂದು ಆ ಗುರುವಾರ ಎರಡು ತಟ್ಟೆಗಾಗುವಷ್ಟು ಅಡುಗೆ ಮಾಡಿಟ್ಟು ಸಭೆಗೆ ಬಂದಿದ್ದೆ. ಎರಡನ್ನೂ ನಾನೇ ತಿಂದೆ.